ಹಳೆಯ ಗೋಡೆಗೆ ಹೊಸ ಲೆಕ್ಕ: ಕಡಿಮೆ ಇಂಧನದ ಮನೆ ಎಲ್ಲಿಂದ ಶುರುವಾಗಬೇಕು?

ಹಳೆಯ ಮನೆಗಳನ್ನು ಕಡಿಮೆ ಇಂಧನ ಬಳಸುವ ಮನೆಗಳಾಗಿ ಮಾರ್ಪಡಿಸುವ ಕಾರ್ಯಕ್ರಮಗಳು ಎಲ್ಲಿ ಎಡವುತ್ತಿವೆ ಎಂಬುದಕ್ಕೆ, ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿಗಿಂತ ನೇರವಾದ ದಾಖಲೆ ಸಿಗುವುದು ಕಷ್ಟ. ಎರಡು ಸರ್ಕಾರಿ ಯೋಜನೆಗಳಡಿ ಗೋಡೆಯ ಹೊರಮೈಗೆ ಶಾಖನಿರೋಧಕ ಹೊದಿಕೆ, ಅಂದರೆ ಇನ್ಸುಲೇಷನ್, ಹಾಕಿಸಿಕೊಂಡ ಮನೆಗಳ ಪೈಕಿ ಶೇ 98ರಷ್ಟರಲ್ಲಿ, ಅಂದಾಜು 22,000ದಿಂದ 23,000 ಮನೆಗಳಲ್ಲಿ, ಸರಿಪಡಿಸಲೇಬೇಕಾದ ದೊಡ್ಡ ದೋಷಗಳಿವೆ ಎಂದು ಆ ವರದಿ ಹೇಳಿತು. ಗೋಡೆಯ ಒಳಮೈಗೆ ಹೊದಿಕೆ ಹಾಕಿದ ಮನೆಗಳಲ್ಲಿ ಈ ಪ್ರಮಾಣ ಶೇ 29. ಹಾಗೆಯೇ ಬಿಟ್ಟರೆ ಈ ಮನೆಗಳಲ್ಲಿ ತೇವ ಸೇರುತ್ತದೆ, ಬೂಷ್ಟು ಹಿಡಿಯುತ್ತದೆ. ಬೆಚ್ಚಗಿನ, ಆರೋಗ್ಯಕರ ಮನೆಗಾಗಿ ಮಾಡಿಸಿದ ಕೆಲಸವೇ ಮನೆಯನ್ನು ಕೆಡಿಸುವ ಸ್ಥಿತಿ ಇದು.

ತರಬೇತಿ ಸಾಲದ ಕೆಲಸಗಾರರು, ಅರ್ಹತೆಯಿಲ್ಲದವರ ಕೈಗೆ ಹೋದ ಉಪಗುತ್ತಿಗೆ, ಯಾವ ಕೆಲಸಕ್ಕೆ ಯಾವ ಮಾನದಂಡ ಅನ್ವಯಿಸುತ್ತದೆ ಎಂಬ ಗೊಂದಲ, ಖರ್ಚು ಉಳಿಸಲು ಅಡ್ಡದಾರಿ ಹಿಡಿದ ಸಂಸ್ಥೆಗಳು ಎಂದು ವರದಿ ಕಾರಣಗಳನ್ನು ಕೊಡುತ್ತದೆ. ಇವೆಲ್ಲ ಸರಿಯೇ. ಆದರೆ ಇವುಗಳ ತಳದಲ್ಲಿ ಇನ್ನೊಂದು ಕಾರಣ ಕೂತಿದೆ ಎಂಬುದು ನನ್ನ ಅಭಿಪ್ರಾಯ. ನವೀಕರಣವೆಂದರೆ ಇಷ್ಟು ಚದರ ಮೀಟರ್ ಹೊದಿಕೆ, ಇಷ್ಟು ಹೊಸ ಕಿಟಕಿ, ಒಂದು ಹೀಟ್ ಪಂಪ್ (ಹೊರಗಿನ ಶಾಖವನ್ನು ವಿದ್ಯುತ್ತಿನಿಂದ ಒಳಕ್ಕೆ ಎಳೆದು ತರುವ ಯಂತ್ರ), ಒಂದಷ್ಟು ಸೌರಫಲಕ ಎಂದು ಸಾಮಾನಿನ ಪಟ್ಟಿ ಬರೆಯುವುದು ಎಲ್ಲೆಡೆ ರೂಢಿಯಾಗಿದೆ. ಸಹಾಯಧನವೂ ಆ ಪಟ್ಟಿಯ ಲೆಕ್ಕದಲ್ಲೇ ಬರುತ್ತದೆ. ಹಳೆಯ ಕಟ್ಟಡವಾದರೋ ಶಾಖ, ಗಾಳಿ ಮತ್ತು ತೇವ ಈ ಮೂರೂ ದಶಕಗಳ ಕಾಲ ತಮ್ಮತಮ್ಮಲ್ಲೇ ಮಾಡಿಕೊಂಡ ಹೊಂದಾಣಿಕೆಯ ಮೇಲೆ ನಿಂತಿರುತ್ತದೆ. ಒಂದನ್ನು ಮುಟ್ಟಿದರೆ ಉಳಿದೆರಡು ಕದಲುತ್ತವೆ. ಹಾಗಾಗಿ ಯಾವ ಸಾಮಾನು ಕೊಳ್ಳಬೇಕು ಎಂಬುದಕ್ಕಿಂತ, ಯಾವ ಕೆಲಸ ಮೊದಲು, ಗೋಡೆಯ ಯಾವ ಮಗ್ಗುಲಿಗೆ, ಎಷ್ಟರ ಮಟ್ಟಿಗೆ ಎಂಬ ತೀರ್ಮಾನಗಳೇ ಮನೆಯ ಹಣೆಬರಹವನ್ನು ನಿರ್ಧರಿಸುತ್ತವೆ.

ಈ ಚರ್ಚೆಗೆ ಈಗ ತುರ್ತು ಬಂದಿರುವುದಕ್ಕೆ ಕಾರಣವಿದೆ. ಐರೋಪ್ಯ ಒಕ್ಕೂಟದ ಲೆಕ್ಕದಂತೆ ಅಲ್ಲಿನ ಕಟ್ಟಡಗಳಲ್ಲಿ ಶೇ 85ರಷ್ಟು 2000ನೇ ಇಸವಿಗಿಂತ ಮೊದಲು ಕಟ್ಟಿದವು. ಅವುಗಳಲ್ಲಿ ಮುಕ್ಕಾಲು ಪಾಲು ಇಂಧನ ಬಳಕೆಯಲ್ಲಿ ಕಳಪೆ. ಇಂದು ನಿಂತಿರುವ ಕಟ್ಟಡಗಳಲ್ಲಿ ಶೇ 85ರಿಂದ 95ರಷ್ಟು 2050ರಲ್ಲಿಯೂ ನಿಂತಿರುತ್ತವೆ. ಇಂಧನ ಉಳಿಸುವ ನವೀಕರಣ ಮಾತ್ರ ವರ್ಷಕ್ಕೆ ಶೇ 1ರಷ್ಟು ಕಟ್ಟಡಗಳಲ್ಲಿ ನಡೆಯುತ್ತಿದೆ. 2024ರಲ್ಲಿ ಪರಿಷ್ಕೃತವಾದ ಕಟ್ಟಡ ಇಂಧನ ನಿರ್ದೇಶನದ ಪ್ರಕಾರ, ಸದಸ್ಯ ರಾಷ್ಟ್ರಗಳು ವಸತಿ ಕಟ್ಟಡಗಳ ಸರಾಸರಿ ಪ್ರಾಥಮಿಕ ಇಂಧನ ಬಳಕೆಯನ್ನು 2020ಕ್ಕೆ ಹೋಲಿಸಿ 2030ರೊಳಗೆ ಶೇ 16ರಷ್ಟು, 2035ರೊಳಗೆ ಶೇ 20ರಿಂದ 22ರಷ್ಟು ಇಳಿಸಬೇಕು. ಹೊಸ ಮನೆಗಳನ್ನಷ್ಟೇ ಚೆನ್ನಾಗಿ ಕಟ್ಟಿ ಈ ಗುರಿ ಮುಟ್ಟಲು ಸಾಧ್ಯವಿಲ್ಲ. ಬೇರೆ ಖಂಡಗಳಲ್ಲಿ ಅಂಕಿಗಳು ಬೇರೆ ಇರಬಹುದು, ಆದರೆ ಮುಂದಿನ ತಲೆಮಾರು ಬಾಳುವ ಮನೆಗಳಲ್ಲಿ ಬಹಳಷ್ಟು ಈಗಾಗಲೇ ಕಟ್ಟಿ ಮುಗಿದಿವೆ.

ಕೆಡವಿ ಕಟ್ಟುವುದರ ಸಾಲ

ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಹೊಸ ತಂತ್ರಜ್ಞಾನದ ಮನೆ ಕಟ್ಟಿದರಾಗದೇ ಎಂದು ಕೇಳುವವರು ಬಹಳ. ಸಿಮೆಂಟ್, ಉಕ್ಕು, ಸುಟ್ಟ ಇಟ್ಟಿಗೆ, ಗಾಜು ಇವುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲದ ಲೆಕ್ಕವನ್ನು ಈ ಪ್ರಶ್ನೆ ಬದಿಗಿಡುತ್ತದೆ. ಒಂದು ಟನ್ ಸಿಮೆಂಟ್ ತಯಾರಾಗುವಾಗ ಸುಮಾರು 0.6 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಮತ್ತು ಕಟ್ಟಡವೊಂದರ ಇಂತಹ ಇಂಗಾಲದ ಬಹುಪಾಲು ಅಡಗಿರುವುದು ಪಾಯ, ಗೋಡೆ, ಚಾವಣಿಗಳಲ್ಲೇ. ನವೀಕರಣದಲ್ಲಿ ನಾವು ಉಳಿಸಿಕೊಳ್ಳುವುದೂ ಅವುಗಳನ್ನೇ. ಅಮೆರಿಕದ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ 2012ರಲ್ಲಿ ಬಿಡುಗಡೆ ಮಾಡಿದ ಅಧ್ಯಯನವೊಂದು, ಸರಾಸರಿ ಹಳೆಯ ಕಟ್ಟಡಕ್ಕಿಂತ ಶೇ 30ರಷ್ಟು ಕಡಿಮೆ ಇಂಧನ ಬಳಸುವ ಹೊಸ ಕಟ್ಟಡವು ತನ್ನ ನಿರ್ಮಾಣದಿಂದಾದ ಹವಾಮಾನದ ಹೊರೆಯನ್ನು ತೀರಿಸಲು, ಕಟ್ಟಡದ ಬಗೆಗೆ ತಕ್ಕಂತೆ, 10ರಿಂದ 80 ವರ್ಷ ಬೇಕಾಗುತ್ತದೆ ಎಂದು ಲೆಕ್ಕಹಾಕಿತು. ಸಾಲ ಒಮ್ಮೆಗೇ ಬೀಳುತ್ತದೆ, ತೀರುವಳಿ ವರ್ಷವರ್ಷಕ್ಕೂ ಅಷ್ಟಷ್ಟೇ. ಇಂಗಾಲವನ್ನು ಮುಂದಿನ ಎರಡು ಮೂರು ದಶಕಗಳಲ್ಲೇ ಇಳಿಸಬೇಕಾಗಿರುವಾಗ ಇಂತಹ ಸಾಲ ದುಬಾರಿ.

ಹಾಗೆಂದು ಹಳೆಯದೆಲ್ಲವೂ ಉಳಿಸಲು ಯೋಗ್ಯವಲ್ಲ. ಪಾಯ ಕುಸಿದು ಗೋಡೆ ಓಲಿದ, ತೊಲೆಗಳನ್ನು ಗೆದ್ದಲು ಪೂರ್ತಿ ತಿಂದ, ಪ್ರವಾಹದ ಪಾತ್ರದಲ್ಲೇ ನಿಂತ ಕಟ್ಟಡಕ್ಕೆ ಹಣ ಸುರಿಯುವುದು ಭಾವುಕತೆಯಷ್ಟೇ. ಆಗಲೂ ಸಾಮಗ್ರಿಗಳನ್ನು ಬಿಚ್ಚಿ ತೆಗೆಯುವ ದಾರಿಯಿದೆ: ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯನ್ನು ಕೆರೆದು ಮತ್ತೆ ಬಳಸಬಹುದು, ಸಿಮೆಂಟ್ ಗಾರೆಯಲ್ಲಿ ಕಟ್ಟಿದ್ದಾದರೆ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ.

ಮೊದಲು ನೀರು

ಉಳಿಸುವುದೆಂದು ತೀರ್ಮಾನವಾದ ಮೇಲೆ ಮೊದಲ ಖರ್ಚು ಇನ್ಸುಲೇಷನ್ನಿಗಲ್ಲ, ನೀರಿನ ಜಾಡು ಹಿಡಿಯುವುದಕ್ಕೆ. ಒಡೆದ ಹೆಂಚು, ಕಟ್ಟಿಕೊಂಡ ಮಳೆನೀರಿನ ದೋಣಿ, ಗೋಡೆಯ ಬುಡಕ್ಕೇ ನೀರು ಸುರಿಯುವ ಪೈಪು, ವರ್ಷಗಟ್ಟಲೆ ಮಣ್ಣು ಬಿದ್ದು ಒಳನೆಲಕ್ಕಿಂತ ಎತ್ತರವಾದ ಹೊರ ಅಂಗಳ: ಹಳೆಯ ಗೋಡೆಯ ತೇವಕ್ಕೆ ಬಹುತೇಕ ಇವೇ ಕಾರಣ. ಇವನ್ನು ಸರಿಪಡಿಸದೆ ಗೋಡೆಗೆ ರಾಸಾಯನಿಕ ಚುಚ್ಚಿಸುವುದು ಹಣ ಕಳೆಯುವ ದಾರಿ. ನೀರಿನ ಮೂಲ ನಿಂತ ಮೇಲೂ ಗೋಡೆ ಒಣಗಲು ಸಮಯ ಬೇಕು. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬ ಕೆಲಸಗಾರರ ಲೆಕ್ಕವನ್ನು ಹಿಡಿದರೆ, ಒಂದಡಿ ದಪ್ಪದ ಗೋಡೆಗೆ ಒಂದು ವರ್ಷ. ಗುತ್ತಿಗೆದಾರರ ವೇಳಾಪಟ್ಟಿಯಲ್ಲಿ ಈ ಒಂದು ವರ್ಷಕ್ಕೆ ಜಾಗವೇ ಇರುವುದಿಲ್ಲ. ಒದ್ದೆ ಗೋಡೆಯ ಮೇಲೆಯೇ ಹೊದಿಕೆ ಕೂರುವುದು ಹೀಗೆ.

ಹಳೆಯ ಗೋಡೆಗಳು ಹೊಸ ಗೋಡೆಗಳಿಗಿಂತ ಬೇರೆ ಬಗೆಯಲ್ಲಿ ಬದುಕುತ್ತವೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮೆದು ಇಟ್ಟಿಗೆ ಅಥವಾ ಕಲ್ಲು, ಅದರ ನಡುವೆ ಸುಣ್ಣ ಇಲ್ಲವೇ ಮಣ್ಣಿನ ಗಾರೆ, ಮೇಲೆ ಸುಣ್ಣದ ಗಿಲಾವು: ಇಂತಹ ಗೋಡೆ ಮಳೆಗಾಲದಲ್ಲಿ ಒಂದಿಷ್ಟು ನೀರು ಕುಡಿದು ಬಿಸಿಲಿನಲ್ಲಿ ಎರಡೂ ಕಡೆಯಿಂದ ಆರಿಸಿಕೊಳ್ಳುತ್ತದೆ. ಇದರ ಮೇಲೆ ಸಿಮೆಂಟ್ ಗಿಲಾವು ಮೆತ್ತುವುದೆಂದರೆ ಬೆವರಿದ ಮೈಮೇಲೆ ಪ್ಲಾಸ್ಟಿಕ್ ಕೋಟು ತೊಡಿಸಿದಂತೆ. ಸಿಮೆಂಟಿನ ಕೂದಲೆಳೆ ಬಿರುಕುಗಳಿಂದ ಒಳಹೋದ ನೀರಿಗೆ ಹೊರಬರಲು ದಾರಿಯಿರುವುದಿಲ್ಲ. ಅದು ಒಳಗಿನ ಲವಣಗಳನ್ನು ಕರಗಿಸಿಕೊಂಡು ಇಟ್ಟಿಗೆಯ ಮೈಗೆ ಬಂದು ಆವಿಯಾಗುವಾಗ ಲವಣ ಹರಳುಗಟ್ಟಿ, ಇಟ್ಟಿಗೆಯ ಮುಖವನ್ನೇ ಪುಡಿಪುಡಿಯಾಗಿ ಉದುರಿಸುತ್ತದೆ. ಸಂದುಗಳಿಗೆ ಸಿಮೆಂಟ್ ಪಾಯಿಂಟಿಂಗ್ ಮಾಡಿಸಿದ ಹಳೆಯ ಗೋಡೆಗಳಲ್ಲಿ ಗಾರೆಯ ಗೆರೆಗಳು ಮುಂದೆ ಚಾಚಿ, ನಡುವಿನ ಇಟ್ಟಿಗೆ ಗುಳಿಬಿದ್ದಿರುವುದು ಇದೇ ಕಾರಣಕ್ಕೆ. ಹಾಗಾಗಿ ಇಂತಹ ಮನೆಯಲ್ಲಿ ಮೊದಲು ಸಿಮೆಂಟ್ ಕೆತ್ತಿ ತೆಗೆದು, ಸುಣ್ಣದ ಗಿಲಾವಿಗೆ ಮರಳುವುದೇ ಇಂಧನ ಉಳಿತಾಯದ ಕೆಲಸವೂ ಹೌದು: ಒದ್ದೆ ಗೋಡೆ ಒಣ ಗೋಡೆಗಿಂತ ಹೆಚ್ಚು ಶಾಖವನ್ನು ಬಿಟ್ಟುಕೊಡುತ್ತದೆ.

ಹೊದಿಕೆಯ ಲೆಕ್ಕ, ಹೊದಿಕೆಯ ಮಗ್ಗುಲು

ಗೋಡೆ ಒಣಗಿತು ಎಂದುಕೊಳ್ಳೋಣ. 230 ಮಿ.ಮೀ. ದಪ್ಪದ ಇಟ್ಟಿಗೆ ಗೋಡೆಯ ಶಾಖ ದಾಟಿಸುವ ಗುಣ, ತಂತ್ರಜ್ಞರು ಯು-ಮೌಲ್ಯ ಎನ್ನುವುದು, ಸುಮಾರು 2.0. ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಪ್ರತಿ ಚದರ ಮೀಟರಿನಿಂದ 2 ವ್ಯಾಟ್ ಶಾಖ ದಾಟುತ್ತದೆ. ನೂರು ಚದರ ಮೀಟರ್ ಹೊರಗೋಡೆಯಿರುವ ಮನೆಯಲ್ಲಿ ಒಳಗೆ 20, ಹೊರಗೆ 5 ಡಿಗ್ರಿ ಇದ್ದರೆ ಗೋಡೆಗಳಿಂದಲೇ 3,000 ವ್ಯಾಟ್ ಸೋರಿಹೋಗುತ್ತದೆ. ಈ ಗೋಡೆಗೆ 100 ಮಿ.ಮೀ. ಖನಿಜ ಉಣ್ಣೆ ಅಥವಾ ಮರದ ನಾರಿನ ಹಲಗೆ ಹೊದಿಸಿದರೆ ಯು-ಮೌಲ್ಯ 0.32ಕ್ಕೆ, ಸೋರಿಕೆ ಸುಮಾರು 480 ವ್ಯಾಟಿಗೆ ಇಳಿಯುತ್ತದೆ. ಅದರ ಮೇಲೆ ಇನ್ನೂ 100 ಮಿ.ಮೀ. ಹಾಕಿದರೆ 260 ವ್ಯಾಟ್. ಮೊದಲ ಪದರ 2,500 ವ್ಯಾಟ್ ಉಳಿಸಿತು, ಅಷ್ಟೇ ದಪ್ಪದ ಎರಡನೆಯದು 220. ಹಳೆಯ ಕಟ್ಟಡಕ್ಕೆ ಹೊಸ ಕಟ್ಟಡದ ಗುರಿಯನ್ನೇ ಹೊರಿಸಬಾರದು ಎನ್ನಲು ಈ ಮೂರು ಅಂಕಿಗಳೇ ಸಾಕು.

ಮಾನದಂಡ ರೂಪಿಸಿದವರಿಗೂ ಇದು ಗೊತ್ತಿದೆ. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ವೋಲ್ಫ್‌ಗಾಂಗ್ ಫೈಸ್ಟ್ ಅವರ ಮುಂದಾಳತ್ವದಲ್ಲಿ ಸಾಲುಮನೆಗಳಾಗಿ ರೂಪುಗೊಂಡ ಮೊದಲ ಪ್ಯಾಸಿವ್ ಹೌಸ್‌ನಿಂದ ಬೆಳೆದ ಮಾನದಂಡವು, ಚದರ ಮೀಟರಿಗೆ ವರ್ಷಕ್ಕೆ 15 ಕಿಲೋವ್ಯಾಟ್-ಗಂಟೆಗಿಂತ ಹೆಚ್ಚು ಶಾಖ ಬೇಡದ ಮನೆಯನ್ನು ಕೇಳುತ್ತದೆ. ಈ ಮಾನದಂಡದ ಹಿಂದಿರುವ ಪ್ಯಾಸಿವ್ ಹೌಸ್ ಸಂಸ್ಥೆಯೇ ಹಳೆಯ ಕಟ್ಟಡಗಳಿಗಾಗಿ ರೂಪಿಸಿದ ಎನರ್‌ಫಿಟ್ ಮಾನದಂಡ, ತಂಪು ಸಮಶೀತೋಷ್ಣ ಹವೆಯಲ್ಲಿ 25 ಕಿಲೋವ್ಯಾಟ್-ಗಂಟೆಯವರೆಗೆ ಸಡಿಲಿಕೆ ಕೊಡುತ್ತದೆ. ಕೆಲಸವನ್ನು ಹಲವು ವರ್ಷಗಳ ಹಂತಗಳಲ್ಲಿ ಮಾಡುವುದಕ್ಕೂ ಒಪ್ಪುತ್ತದೆ. ಇಷ್ಟು ಕಟ್ಟುನಿಟ್ಟು ಎಲ್ಲ ಮನೆಗೂ ಬೇಕೆಂದು ನನಗನ್ನಿಸುವುದಿಲ್ಲ, ಆದರೆ ಹಂತಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ಶಿಸ್ತು ಎಲ್ಲ ಮನೆಗೂ ಬೇಕು.

ಹೊದಿಕೆ ಗೋಡೆಯ ಯಾವ ಮಗ್ಗುಲಿಗೆ ಎಂಬ ಪ್ರಶ್ನೆಯಲ್ಲಿ ತೇವದ ಸಂಗತಿ ಮತ್ತೆ ಎದುರಾಗುತ್ತದೆ. ಮೇಲಿನ ಗೋಡೆಯನ್ನೇ ತೆಗೆದುಕೊಳ್ಳಿ. ಹೊದಿಕೆಯಿಲ್ಲದಾಗ ಇಟ್ಟಿಗೆಯ ಒಳಮೈ ಸುಮಾರು 16 ಡಿಗ್ರಿ ಇರುತ್ತದೆ. ಹೊರಗಿನಿಂದ ಹೊದಿಸಿದರೆ ಅದು 19 ಡಿಗ್ರಿ ದಾಟುತ್ತದೆ, ಗೋಡೆ ಬೆಚ್ಚಗೂ ಒಣಗಿಯೂ ಇರುತ್ತದೆ. ಒಳಗಿನಿಂದ ಹೊದಿಸಿದರೆ ಕೋಣೆ ಬೆಚ್ಚಗಾಗುತ್ತದೆ, ಆದರೆ ಹೊದಿಕೆಯ ಹಿಂದಿನ ಇಟ್ಟಿಗೆ 7 ಡಿಗ್ರಿಯಷ್ಟಕ್ಕೆ ತಣಿಯುತ್ತದೆ. 20 ಡಿಗ್ರಿಯ, ಶೇ 60 ತೇವಾಂಶದ ಕೋಣೆಯ ಗಾಳಿ ಸುಮಾರು 12 ಡಿಗ್ರಿಯಲ್ಲಿ ಹನಿಗಟ್ಟತೊಡಗುತ್ತದೆ. ನಾಲ್ವರ ಕುಟುಂಬವೊಂದು ಉಸಿರಾಟ, ಅಡುಗೆ, ಸ್ನಾನ, ಬಟ್ಟೆ ಒಣಗಿಸುವುದು ಇವೆಲ್ಲ ಸೇರಿ ದಿನಕ್ಕೆ ಹತ್ತು ಲೀಟರಿನಷ್ಟು ನೀರನ್ನು ಮನೆಯ ಗಾಳಿಗೆ ಬಿಡುತ್ತದೆ. ಅದರಲ್ಲಿ ಸ್ವಲ್ಪ ಸ್ವಿಚ್ ಪೆಟ್ಟಿಗೆಯ ಸುತ್ತಲಿನ ಸಂದಿನಿಂದಲೋ ನೆಲಪಟ್ಟಿಯ ಬಿರುಕಿನಿಂದಲೋ ಹೊದಿಕೆಯ ಹಿಂದೆ ನುಸುಳಿದರೆ, ಆ ತಣ್ಣನೆಯ ಇಟ್ಟಿಗೆಯ ಮೇಲೆ ನೀರಾಗುತ್ತದೆ. ಬೂಷ್ಟಿಗೆ ಅಷ್ಟೂ ಬೇಡ, ಮೇಲ್ಮೈಯ ತೇವಾಂಶ ಶೇ 80ರ ಹತ್ತಿರ ಕೆಲಕಾಲ ನಿಂತರೆ ಸಾಕು. ಎಲ್ಲಕ್ಕಿಂತ ಅಪಾಯದಲ್ಲಿರುವುದು ಗೋಡೆಯೊಳಗೆ ಹುದುಗಿದ ಮರದ ತೊಲೆಯ ತುದಿ. ಹಿಂದೆ ಕೋಣೆಯ ಬಿಸಿಯಲ್ಲಿ ಒಣಗುತ್ತಿದ್ದ ಅದು ಈಗ ತಣ್ಣಗೆ, ಒದ್ದೆಯಾಗಿ, ಯಾರ ಕಣ್ಣಿಗೂ ಬೀಳದೆ ಕೊಳೆಯತೊಡಗುತ್ತದೆ.

ಹೊರಗಿನಿಂದ ಹೊದಿಸುವುದೇ ಎಂದಿಗೂ ಮೇಲು ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಕೆತ್ತನೆಯಿರುವ ಮುಂಗೋಡೆಯನ್ನು ಮುಚ್ಚಲು ಕಾನೂನು ಬಿಡದಿರಬಹುದು, ರಸ್ತೆಯ ಕಡೆ ನಾಲ್ಕಂಗುಲ ಜಾಗವೂ ಇಲ್ಲದಿರಬಹುದು. ಆಗ ಒಳಗಿನಿಂದ ಹೊದಿಸಲೇಬೇಕು. ಆದರೆ ಕಡಿಮೆ ದಪ್ಪದಲ್ಲಿ, ಆವಿಯನ್ನು ಹೀರಿ ಬಿಡಬಲ್ಲ ಮರದ ನಾರಿನ ಹಲಗೆಯನ್ನೋ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆಯನ್ನೋ ಗೋಡೆಗೆ ಎಡೆಯಿಲ್ಲದಂತೆ ಅಂಟಿಸಿ, ತೊಲೆಯ ತುದಿಗಳ ಬಳಿ ಹೊದಿಕೆಯನ್ನು ಬಿಟ್ಟು ಮಾಡಬೇಕು. ಹೊರಗಿನ ಹೊದಿಕೆಗೂ ಅದರದೇ ತೊಡಕುಗಳಿವೆ. ಕಿಟಕಿಯ ಕೆಳಹಾಸು ಹೊಸ ದಪ್ಪವನ್ನು ದಾಟಿ ಮುಂದೆ ಚಾಚದಿದ್ದರೆ, ಸೂರು ಸಾಲದಿದ್ದರೆ, ಪೈಪಿನ ಸುತ್ತ ಬಿಗಿಯಾಗಿ ಮುಚ್ಚದಿದ್ದರೆ ಮಳೆನೀರು ಹೊದಿಕೆಯ ಹಿಂದೆ ಇಳಿಯುತ್ತದೆ. ಚದರ ಮೀಟರ್ ಲೆಕ್ಕದಲ್ಲಿ ದುಡ್ಡು ಪಡೆಯುವ ಕೆಲಸಗಾರನಿಗೆ ಈ ಅಂಚುಗಳಲ್ಲಿ ಹೊತ್ತು ಕಳೆಯುವುದು ನಷ್ಟದ ಬಾಬತ್ತು.

ಬೆಂಕಿಯ ಮಾತನ್ನು ಇಲ್ಲಿ ಬಿಡುವಂತಿಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತರು. ಅದಕ್ಕೆ ಒಂದು ವರ್ಷದ ಹಿಂದಷ್ಟೇ ಮುಗಿದಿದ್ದ ನವೀಕರಣದಲ್ಲಿ ಹೊರಗೋಡೆಗೆ ಹೊದಿಸಿದ್ದ, ಪಾಲಿಎಥಿಲೀನ್ ತಿರುಳಿನ ಅಲ್ಯೂಮಿನಿಯಂ ಫಲಕಗಳೇ ಬೆಂಕಿ ಕಟ್ಟಡಕ್ಕೆಲ್ಲ ಹಬ್ಬಲು ಮುಖ್ಯ ಕಾರಣವೆಂದು ವಿಚಾರಣಾ ಆಯೋಗ ತೀರ್ಮಾನಿಸಿತು. ಒಂಟಿ ಮನೆಯಲ್ಲಿ ಅಪಾಯ ಅಷ್ಟಿಲ್ಲದಿರಬಹುದು. ಆದರೂ ಹೊದಿಕೆ ಕೊಳ್ಳುವಾಗ ಅದರ ದಪ್ಪದಷ್ಟೇ ಗಂಭೀರವಾಗಿ ಅದು ಉರಿಯುವ ಬಗೆಯನ್ನೂ ಕೇಳಬೇಕು. ಕಲ್ನಾರಿನ ಶೀಟು, ಸೀಸದ ಬಣ್ಣ ಇರುವ ಕಟ್ಟಡದಲ್ಲಿ ಕೆತ್ತುವ ಕೆಲಸಕ್ಕೆ ಮೊದಲೇ ಪರೀಕ್ಷೆ ಮಾಡಿಸುವುದು, ಮಕ್ಕಳಿರುವ ಮನೆಯಲ್ಲಂತೂ, ಕಡ್ಡಾಯವೆಂದೇ ತಿಳಿಯಬೇಕು.

ಗಾಳಿ ಎಲ್ಲಿಂದ ಬರಬೇಕು

300 ಘನ ಮೀಟರ್ ಗಾಳಿ ತುಂಬುವ ಮನೆಯಲ್ಲಿ ಗಂಟೆಗೊಮ್ಮೆ ಪೂರ್ತಿ ಗಾಳಿ ಬದಲಾದರೆ, ಅದೇ 15 ಡಿಗ್ರಿ ವ್ಯತ್ಯಾಸದಲ್ಲಿ ಸುಮಾರು 1,500 ವ್ಯಾಟ್ ಶಾಖ ಹೊರಹೋಗುತ್ತದೆ. ಹೊದಿಕೆಯಿಲ್ಲದ ಮನೆಯಲ್ಲಿ ಇದು ಗೋಡೆಯ ಸೋರಿಕೆಯ ಅರ್ಧ. ಹೊದಿಸಿದ ಮೇಲೆ ಗೋಡೆಯದರ ಮೂರು ಪಟ್ಟು. ಆದ್ದರಿಂದ ಸಂದುಬಿರುಕುಗಳನ್ನು ಮುಚ್ಚದೆ ಬರಿಯ ಹೊದಿಕೆಗೆ ಹಣ ಹಾಕುವುದರಲ್ಲಿ ಅರ್ಥವಿಲ್ಲ. ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ, ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಉಂಟುಮಾಡಿ ಮನೆ ಎಷ್ಟು ಸೋರುತ್ತದೆಂದು ಅಳೆಯುವ ಬ್ಲೋವರ್ ಡೋರ್ ಪರೀಕ್ಷೆಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಪ್ರಮಾಣಪತ್ರಕ್ಕಾಗಿ ಮಾಡಿಸುತ್ತಾರೆ. ಅದನ್ನು ಮೊದಲು ಮಾಡಿಸಬೇಕು. ಫ್ಯಾನ್ ಓಡುತ್ತಿರುವಾಗ ಊದುಬತ್ತಿ ಹಿಡಿದು ಕೋಣೆ ಕೋಣೆ ಸುತ್ತಿದರೆ, ಸೋರಿಕೆಯ ದೊಡ್ಡ ಪಾಲು ಎಲ್ಲರೂ ಬೈಯುವ ಹಳೆಯ ಕಿಟಕಿಯಿಂದಲ್ಲ, ಅಟ್ಟದ ಮುಚ್ಚಳ, ಪೈಪು ಹೊಕ್ಕ ತೂತು, ಗೋಡೆ ಚಾವಣಿ ಸೇರುವ ಸಂದು ಇಂತಹ ಕಡೆಗಳಿಂದ ಎಂಬುದು ಹೊಗೆ ಓಲುವ ರೀತಿಯಲ್ಲೇ ಗೊತ್ತಾಗುವುದುಂಟು.

ಸಂದು ಮುಚ್ಚಿದ ದಿನದಿಂದಲೇ ಮನೆಗೆ ಗಾಳಿಯ ಬೇರೆ ವ್ಯವಸ್ಥೆ ಬೇಕು. ಸೋರುವ ಮನೆ ಅಚ್ಚುಕಟ್ಟಿಲ್ಲದೆಯಾದರೂ ತೇವವನ್ನು ಹೊರಹಾಕುತ್ತಿತ್ತು. ಬಿಗಿಯಾದ ಮನೆ ಅದನ್ನು ಮಾಡುವುದಿಲ್ಲ. ಅಡುಗೆಮನೆ, ಬಚ್ಚಲುಗಳಿಂದ ಎಳೆಯುವ ಫ್ಯಾನು, ಮಲಗುವ ಕೋಣೆಗಳಿಗೆ ತಾಜಾ ಗಾಳಿಯ ಕಿಂಡಿ, ಚಳಿ ಹೆಚ್ಚಿರುವಲ್ಲಿ ಹೊರಹೋಗುವ ಗಾಳಿಯ ಶಾಖದಲ್ಲಿ ಶೇ 75ರಿಂದ 90ರಷ್ಟನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ ಇವುಗಳಲ್ಲಿ ಯಾವುದಾದರೂ ಸರಿ, ಸಂದು ಮುಚ್ಚುವ ಹಂತದಲ್ಲೇ ಬರಬೇಕು. ಹಣ ಸಾಲದೆ ಗಾಳಿಯ ವ್ಯವಸ್ಥೆಯನ್ನು ಮುಂದಿನ ವರ್ಷಕ್ಕೆ ತಳ್ಳುವುದಾದರೆ ಸಂದು ಮುಚ್ಚುವುದನ್ನೂ ಮುಂದಿನ ವರ್ಷಕ್ಕೇ ತಳ್ಳುವುದು ಲೇಸು.

ಕಿಟಕಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗಟ್ಟಿಮುಟ್ಟಾದ ಮರದ ಚೌಕಟ್ಟಿದ್ದರೆ ಅದನ್ನು ದುರಸ್ತಿ ಮಾಡಿಸಿ, ಒಳಗಿನಿಂದ ಎರಡನೆಯ ಗಾಜಿನ ಪದರ ಕೂರಿಸಿದರೆ ಸೋರುವ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ.

ಸೆಕೆಯ ನಾಡುಗಳಲ್ಲಿ ಲೆಕ್ಕ ತಲೆಕೆಳಗು

ಇದುವರೆಗಿನ ಮಾತು ಚಳಿಯನ್ನು ಹೊರಗಿಡುವ ಮನೆಯದು. ಸೆಕೆಯೇ ಸಮಸ್ಯೆಯಾದ ಕಡೆ ಇದೇ ಸಲಹೆಗಳನ್ನು ಎತ್ತಿಕೊಂಡು ಬಂದರೆ ಅನಾಹುತವಾಗುತ್ತದೆ. 32 ಡಿಗ್ರಿಯ, ಶೇ 75 ತೇವಾಂಶದ ಹೊರಗಿನ ಗಾಳಿ 27 ಡಿಗ್ರಿಯಲ್ಲೇ ಹನಿಗಟ್ಟುತ್ತದೆ, ಒಳಗೆ ಎ.ಸಿ. 24 ಡಿಗ್ರಿಗೆ ಇಟ್ಟಿರುತ್ತದೆ. ಅಂದರೆ ತೇವ ಈಗ ಹೊರಗಿನಿಂದ ಒಳಕ್ಕೆ ಹೊರಟಿರುತ್ತದೆ. ಚಳಿನಾಡಿನ ಪಾಠದಂತೆ ಗೋಡೆಯ ಒಳಮೈಗೆ ಆವಿ ತಡೆಯುವ ಹಾಳೆ ಹಾಕಿದರೆ ಆ ಹಾಳೆಯ ಹಿಂದೆಯೇ ನೀರು ನಿಲ್ಲುತ್ತದೆ. ಹವಾನಿಯಂತ್ರಿತ ಕೋಣೆಗಳಲ್ಲಿ ವಿನೈಲ್ ವಾಲ್‌ಪೇಪರ್ ಕಿತ್ತಾಗ ಹಿಂದೆ ಕಪ್ಪಗೆ ಬೂಷ್ಟು ಕಾಣುವುದಕ್ಕೆ ಇದೇ ಕಾರಣ.

ಇಲ್ಲಿ ಮೊದಲು ಕೈಹಾಕಬೇಕಾದದ್ದು ಗೋಡೆಗಲ್ಲ, ಚಾವಣಿಗೆ. ದಿನವಿಡೀ ಬಿಸಿಲುಣ್ಣುವ ಗಾಢ ಬಣ್ಣದ ಚಾವಣಿ 65 ಡಿಗ್ರಿ ದಾಟಬಲ್ಲದು. ಬಿಸಿಲನ್ನು ಪ್ರತಿಫಲಿಸುವ ಬಿಳಿ ಲೇಪವೊಂದೇ ಅದನ್ನು 25 ಡಿಗ್ರಿಗೂ ಹೆಚ್ಚು ತಣ್ಣಗಿಡಬಲ್ಲದು. 120 ಮಿ.ಮೀ. ಕಾಂಕ್ರೀಟ್ ತಾರಸಿಯ ಯು-ಮೌಲ್ಯ ಸುಮಾರು 3.5, ಮೇಲೆ 50 ಮಿ.ಮೀ. ಫೋಮ್ ಹಲಗೆ ಹಾಸಿ ಜಲನಿರೋಧಕ ಪದರ ಮುಚ್ಚಿದರೆ ಅದು 0.6ರ ಆಸುಪಾಸಿಗೆ ಬರುತ್ತದೆ. ಆಮೇಲೆ ಬಿಸಿಲು ಗಾಜಿಗೆ ತಾಗುವ ಮೊದಲೇ ತಡೆಯುವ ಸಜ್ಜಾ, ಹೊರಗಿನ ತಟ್ಟಿ, ಮರದ ನೆರಳು. ಒಳಗಿನ ಪರದೆ ಬಿಸಿಲು ಒಳಬಂದ ಮೇಲಿನ ಉಪಾಯ. ದಪ್ಪ ಗೋಡೆ, ಎತ್ತರದ ಚಾವಣಿ, ಎದುರುಬದುರು ಕಿಟಕಿಗಳಿರುವ ಹಳೆಯ ಕಟ್ಟಡಗಳು ಸೆಕೆಯ ಹವೆಗೆ ಸಿದ್ಧವಾಗಿಯೇ ಇರುತ್ತವೆ. ಸುಳ್ಳುಚಾವಣಿ ಹಾಕಿ, ಬೆಳಕಿಂಡಿ ಮುಚ್ಚಿ, ಎ.ಸಿ.ಗೆ ತಕ್ಕಂತೆ ಅವುಗಳನ್ನು ಬದಲಿಸಿದ ಮೇಲೆ ಸೆಕೆ ಹೆಚ್ಚಾಯಿತೆಂದು ದೂರುವುದರಲ್ಲಿ ನ್ಯಾಯವಿಲ್ಲ. ಫ್ಯಾನ್ ಮೈಗೆ ಎರಡು ಮೂರು ಡಿಗ್ರಿ ತಂಪಿನ ಅನುಭವ ಕೊಡುತ್ತದೆ. ಹೊಸ ಬಗೆಯ ಬಿ.ಎಲ್.ಡಿ.ಸಿ. ಫ್ಯಾನಿಗೆ ಬೇಕಾಗುವುದು 30 ವ್ಯಾಟಿನಷ್ಟು ವಿದ್ಯುತ್.

ಎಷ್ಟು ದೊಡ್ಡ ಮನೆ?

ಗೋದಾಮು, ಶಾಲೆ, ಕೊಟ್ಟಿಗೆ, ಗಿರಣಿ ಮುಂತಾದವನ್ನು ಮನೆಯಾಗಿಸುವ ಯೋಜನೆಗಳು ಈಗ ಹೆಚ್ಚುತ್ತಿವೆ, ಅವುಗಳ ಚಿತ್ರಗಳೂ ಚೆಂದ. ಅಂತಹ ಕಟ್ಟಡದ ಗಾತ್ರ ಮಾತ್ರ ಕುಟುಂಬದ ಅಗತ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಎಂಟು ಮೀಟರ್ ಎತ್ತರದ ಪಡಸಾಲೆಯನ್ನು ಬೆಚ್ಚಗಿಡುವ, ತಂಪಾಗಿಡುವ ಖರ್ಚನ್ನು ಯಾವ ಹೊದಿಕೆಯೂ ಚಿಕ್ಕದು ಮಾಡಲಾರದು. ಇದಕ್ಕೆ ಒಳ್ಳೆಯ ಉತ್ತರ, ದೊಡ್ಡ ಕಟ್ಟಡದೊಳಗೆ ಚಿಕ್ಕ ಮನೆಯೊಂದನ್ನು ಬಿಗಿಯಾಗಿ ಕಟ್ಟಿ, ಉಳಿದ ಜಾಗವನ್ನು ಕಾಲಕ್ಕೆ ತಕ್ಕಂತೆ ಬಳಸುವ ಅಂಗಳವಾಗಿ ಬಿಡುವುದು. 2021ರ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಫ್ರೆಂಚ್ ವಾಸ್ತುಶಿಲ್ಪಿಗಳಾದ ಆ್ಯನ್ ಲಕಾತೋನ್ ಮತ್ತು ಜಾನ್ ಫಿಲಿಪ್ ವಸಾಲ್ ಅವರ ಕೆಲಸ ಇದೇ ವಿಚಾರದ ಇನ್ನೊಂದು ರೂಪ. ಬೋರ್ಡೋ ನಗರದಲ್ಲಿ 1960ರ ದಶಕದ ಮೂರು ವಸತಿ ಸಮುಚ್ಚಯಗಳ 530 ಮನೆಗಳಿಗೆ, ಕೆಡವದೆ, ನಿವಾಸಿಗಳನ್ನು ಒಕ್ಕಲೆಬ್ಬಿಸದೆ, ಸಹೋದ್ಯೋಗಿಗಳೊಂದಿಗೆ ಸೇರಿ ಅವರು ಹೊರಗಿನಿಂದ 3.8 ಮೀಟರ್ ಆಳದ ಗಾಜಿನ ಜಗುಲಿಗಳನ್ನು ಸೇರಿಸಿದರು. ಯಂತ್ರದಿಂದ ಕಾಯಿಸಬೇಕಾಗಿಲ್ಲದ ಈ ಜಗುಲಿ ಚಳಿಗಾಲದಲ್ಲಿ ಬಿಸಿಲನ್ನು ಹಿಡಿದಿಟ್ಟು ಒಳಗಿನ ಕೋಣೆಗೆ ಬೆಚ್ಚನೆಯ ಮುಂಗಟ್ಟಾಗುತ್ತದೆ. ಬೇಸಿಗೆಯಲ್ಲಿ ತೆರೆದುಕೊಂಡು ನೆರಳಾಗುತ್ತದೆ. ಮನೆ ದೊಡ್ಡದಾಯಿತು, ಇಂಧನದ ಬೇಡಿಕೆ ಇಳಿಯಿತು.

ಯಂತ್ರಗಳನ್ನು ಇಷ್ಟು ಹೊತ್ತು ಬೇಕೆಂದೇ ಹಿಂದಿಟ್ಟಿದ್ದೇನೆ. ಹೀಟ್ ಪಂಪ್ ಒಂದು ಪಾಲು ವಿದ್ಯುತ್ ತೆಗೆದುಕೊಂಡು ಮೂರು ಪಾಲಿನಷ್ಟು ಶಾಖ ಕೊಡುತ್ತದೆ, ಆದರೆ ನೀರನ್ನು 35ರಿಂದ 50 ಡಿಗ್ರಿಯೊಳಗೆ ಕಾಯಿಸಿದರೆ ಸಾಕೆನ್ನುವ ಮನೆಯಲ್ಲಿ ಮಾತ್ರ ಅದರ ದಕ್ಷತೆ ಪೂರ್ತಿ ಸಿಗುತ್ತದೆ. ಸೋರುವ ಮನೆಯ ಅಳತೆಗೆ ದೊಡ್ಡ ಯಂತ್ರ ಕೂರಿಸಿ, ಎರಡು ವರ್ಷದ ಮೇಲೆ ಗೋಡೆಗೆ ಹೊದಿಸಿದರೆ ಯಂತ್ರ ಅಗತ್ಯಕ್ಕಿಂತ ದೊಡ್ಡದಾಗಿ, ಮತ್ತೆಮತ್ತೆ ಶುರುವಾಗಿ ನಿಂತು ಸವೆಯುತ್ತದೆ. ಹಾಗೆಂದು ಹೊದಿಕೆಯ ಕೊನೆಯ ಮಿಲಿಮೀಟರ್ ಮುಗಿಯುವವರೆಗೆ ಯಂತ್ರವನ್ನು ಮುಟ್ಟಲೇಬಾರದೆಂಬ ಹಟವೂ ಸರಿಯಲ್ಲ. ಎರಡನೆಯ 100 ಮಿ.ಮೀ. ಉಳಿಸಿದ್ದು 220 ವ್ಯಾಟ್ ಎಂಬುದನ್ನು ನೆನೆದರೆ, ಮಧ್ಯಮ ದಪ್ಪದ ಹೊದಿಕೆ, ಬಿಗಿಯಾದ ಸಂದು, ಸರಿಯಾದ ಗಾಳಿ ಇಷ್ಟಾದ ಮೇಲೆ ಹೀಟ್ ಪಂಪಿಗೆ ಹೋಗುವುದೇ ಬಹುತೇಕ ಮನೆಗಳಿಗೆ ಜಾಣತನ. ಸೌರಫಲಕದ ಆಯಸ್ಸು 25 ವರ್ಷಕ್ಕೂ ಹೆಚ್ಚು. ಅದರ ಕೆಳಗಿನ ಚಾವಣಿಗೆ ಅಷ್ಟು ಬಾಳಿಕೆಯಿದೆಯೇ ಎಂದು ನೋಡದೆ ಹತ್ತಿಸಿದರೆ, ಒಂದು ಸೋರಿಕೆಗಾಗಿ ಎಲ್ಲವನ್ನೂ ಇಳಿಸಬೇಕಾಗುತ್ತದೆ.

ಕಾಗದದ ಉಳಿತಾಯ, ಬಿಲ್ಲಿನ ಉಳಿತಾಯ

ಉಳಿತಾಯದ ಭರವಸೆಗಳನ್ನು ಓದುವಾಗ ಒಂದು ಎಚ್ಚರ ಬೇಕು. ಕೇಂಬ್ರಿಜ್‌ನ ಸಂಶೋಧಕರಾದ ಮಿನ್ನಾ ಸುನಿಕ್ಕಾ-ಬ್ಲ್ಯಾಂಕ್ ಮತ್ತು ರೇ ಗಾಲ್ವಿನ್ 2012ರಲ್ಲಿ ಜರ್ಮನಿಯ ಸುಮಾರು 3,400 ಮನೆಗಳ ಮಾಹಿತಿಯನ್ನು ಪರಿಶೀಲಿಸಿ, ಜನ ನಿಜವಾಗಿ ಬಳಸುವ ಶಾಖ ಕಾಗದದ ಲೆಕ್ಕಕ್ಕಿಂತ ಸರಾಸರಿ ಶೇ 30ರಷ್ಟು ಕಡಿಮೆ ಎಂದು ತೋರಿಸಿದರು. ಕಳಪೆ ಮನೆಯಲ್ಲಿರುವವರು ಒಂದೆರಡು ಕೋಣೆಯನ್ನಷ್ಟೇ ಬೆಚ್ಚಗಿಟ್ಟುಕೊಂಡು ಹೇಗೋ ದಿನ ನೂಕುತ್ತಾರೆ. ಬಳಸದೇ ಇದ್ದ ಇಂಧನವನ್ನು ನವೀಕರಣ ಉಳಿಸಲಾರದು. ಮರುಪಾವತಿಯ ಅವಧಿಯನ್ನು ಮಾದರಿ ಲೆಕ್ಕದ ಮೇಲೆ ಹಾಕಿದವರು ನಿರಾಶರಾಗುವುದು ಇದರಿಂದ. ಅದೇ ಕುಟುಂಬಕ್ಕೆ ಈಗ ಎಲ್ಲ ಕೋಣೆಗಳೂ ವಾಸಯೋಗ್ಯವಾದವು ಎಂಬುದು ನಿಜವಾದ ಲಾಭ. ಬಿಲ್ಲಿನಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಕೆಲಸಕ್ಕೆ ಮೊದಲಿನ ಒಂದು ವರ್ಷದ ಮೀಟರ್ ಓದುಗಳನ್ನೂ, ಒಳಗಿನ ತಾಪಮಾನ ಮತ್ತು ತೇವಾಂಶವನ್ನೂ ಬರೆದಿಟ್ಟುಕೊಳ್ಳುವುದು ಯಾವ ಪ್ರಮಾಣಪತ್ರಕ್ಕಿಂತಲೂ ಉಪಯುಕ್ತ.

ಸರ್ಕಾರಗಳು ಹಣವನ್ನು ಹೇಗೆ ಕೊಡುತ್ತವೆ ಎಂಬುದೂ ಗೋಡೆಯ ಗುಣಮಟ್ಟವನ್ನು ನಿರ್ಧರಿಸುತ್ತದೆ. ಇಟಲಿ 2020ರಲ್ಲಿ ಶುರುಮಾಡಿದ ಸೂಪರ್‌ಬೋನಸ್ ಯೋಜನೆ ನವೀಕರಣದ ವೆಚ್ಚದ ಶೇ 110ರಷ್ಟನ್ನು ತೆರಿಗೆ ವಿನಾಯಿತಿಯಾಗಿ ಮರಳಿಸುವುದಾಗಿ ಹೇಳಿತು. ಪೂರ್ತಿ ಖರ್ಚಿಗಿಂತ ಹೆಚ್ಚು ಮರಳುವಾಗ ಮಾಲೀಕನಿಗೆ ಚೌಕಾಸಿ ಮಾಡಲು ಕಾರಣವಿರಲಿಲ್ಲ. ಗುತ್ತಿಗೆದಾರರ ದರ ಏರಿತು, ವಂಚನೆ ಪ್ರಕರಣಗಳು ಬಂದವು, ಖಜಾನೆಯ ಹೊರೆ 100 ಶತಕೋಟಿ ಯೂರೋ ಮೀರಿತು. ಬ್ರಿಟನ್ನಿನ ಯೋಜನೆಗಳಲ್ಲಿ ಕೆಲಸ ಕೆಟ್ಟಿತು, ಇಟಲಿಯಲ್ಲಿ ಲೆಕ್ಕ ಕೆಟ್ಟಿತು. ಎರಡೂ ಕಡೆ ಹಣ ಹರಿದದ್ದು ಮನೆ ಹೇಗಾಯಿತು ಎಂಬುದನ್ನು ಅಳೆದಲ್ಲ, ಅದಕ್ಕೆ ಏನೇನು ಜೋಡಿಸಿದರು ಎಂಬುದನ್ನು ಎಣಿಸಿ.

ಐರೋಪ್ಯ ಒಕ್ಕೂಟದ ಹೊಸ ನಿರ್ದೇಶನದಲ್ಲಿ ಇದಕ್ಕೆ ಒಂದು ಉತ್ತರದ ಸುಳಿವಿದೆ. 2026ರ ಮೇ 29ರೊಳಗೆ ಪ್ರತಿ ಸದಸ್ಯ ರಾಷ್ಟ್ರವೂ ನವೀಕರಣ ಪಾಸ್‌ಪೋರ್ಟ್ ಎಂಬ ವ್ಯವಸ್ಥೆಯನ್ನು ತರಬೇಕೆಂದು ಅದು ಹೇಳುತ್ತದೆ. ಅರ್ಹತೆ ಪಡೆದ ತಜ್ಞರು ಮನೆಗೆ ಬಂದು ನೋಡಿ, ಯಾವ ಕೆಲಸ ಯಾವ ಹಂತದಲ್ಲಿ, ಒಂದರ ಮೇಲೊಂದು ಹೇಗೆ ಎಂದು ಆ ಕಟ್ಟಡಕ್ಕಾಗಿಯೇ ಬರೆದುಕೊಡುವ ದಾಖಲೆ ಇದು. ರಾಷ್ಟ್ರಗಳು ಕಡ್ಡಾಯಗೊಳಿಸದ ಹೊರತು ಮಾಲೀಕರಿಗೆ ಇದು ಐಚ್ಛಿಕ. ಬರೆಯುವ ತಜ್ಞರು ಹೊದಿಕೆಯನ್ನೋ ಹೀಟ್ ಪಂಪನ್ನೋ ಮಾರುವವರ ಸಂಬಳದಲ್ಲಿದ್ದರೆ ಪಾಸ್‌ಪೋರ್ಟ್ ಕೂಡ ಇನ್ನೊಂದು ಸಾಮಾನಿನ ಪಟ್ಟಿಯಾಗುತ್ತದೆ. ಸ್ವತಂತ್ರರಾಗಿದ್ದು, ಗೋಡೆಯ ತೇವವನ್ನು ಅಳೆದು, ಈ ವರ್ಷ ಮಳೆನೀರಿನ ದೋಣಿಯನ್ನು ಮಾತ್ರ ಸರಿಪಡಿಸಿ, ಹೊದಿಕೆ ಮುಂದಿನ ವರ್ಷಕ್ಕೆ ಎಂದು ಬರೆಯುವ ಅಧಿಕಾರ ಅವರಿಗಿದ್ದು, ಆ ದೋಣಿಯ ಕೆಲಸಕ್ಕೂ ಸಹಾಯಧನ ದೊರೆತರೆ, ಬ್ರಿಟನ್ನಿನ ಲೆಕ್ಕಪರಿಶೋಧಕರು ಪಟ್ಟಿ ಮಾಡಿದ ದೋಷಗಳಲ್ಲಿ ಹಲವನ್ನು ಕೆಲಸ ಶುರುವಾಗುವ ಮೊದಲೇ ತಡೆಯಬಹುದು.